ಡಿಸ್ಕ್ ಉಳಿಯಿತು, ಓದುವ ಯಂತ್ರ?

ಇಂಗ್ಲೆಂಡಿನಲ್ಲಿ 1086ರ ಭೂಸಮೀಕ್ಷೆಯನ್ನು ಚರ್ಮದ ಹಾಳೆಗಳಲ್ಲಿ ದಾಖಲಿಸಿದ ಡೂಮ್ಸ್‌ಡೇ ಗ್ರಂಥವನ್ನು ಇಂದಿಗೂ ಓದಬಹುದು. ಅದರ 900ನೇ ವರ್ಷದ ನೆನಪಿಗೆ ಬಿಬಿಸಿ 1986ರಲ್ಲಿ ಲೇಸರ್ ಡಿಸ್ಕ್‌ಗಳನ್ನು ಹೊರತಂದಿತು. ಶಾಲಾ ಮಕ್ಕಳೂ ಸೇರಿದಂತೆ ಲಕ್ಷಾಂತರ ಜನ ತಮ್ಮ ಊರಿನ ಬದುಕನ್ನು ಅದಕ್ಕಾಗಿ ಬರೆದುಕೊಟ್ಟಿದ್ದರು. ಈ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ವಿಶಿಷ್ಟವಾದ ಒಂದೇ ಯಂತ್ರವನ್ನು ನೆಚ್ಚಿದ್ದು ಯೋಜನೆಯ ಮೂಲದೋಷ. 2002ರ ವೇಳೆಗೆ ಆ ಯಂತ್ರವೇ ಅಪರೂಪವಾಗಿ, ಹಳೆಯ ಗಣಕವನ್ನು ಅನುಕರಿಸುವ ತಂತ್ರಾಂಶ ರಚಿಸಿ ಮಾಹಿತಿಯನ್ನು ಉಳಿಸಿಕೊಳ್ಳಬೇಕಾಯಿತು.

ವಂಶವೃಕ್ಷ, ಅಜ್ಜಿಯ ಧ್ವನಿಮುದ್ರಣಗಳನ್ನು ‘ನೂರು ವರ್ಷ ಬಾಳುವ’ ಡಿಸ್ಕಿಗೆ ತುಂಬಿಸಿ ನಿಶ್ಚಿಂತರಾಗುವವರು ಇದನ್ನು ಗಮನಿಸಬೇಕು. ಮನೆಮಂದಿಗಾಗಿ ತಂತ್ರಾಂಶ ಬರೆದುಕೊಡುವವರು ಯಾರು? ಎರಡು ಬಗೆಯ ಮಾಧ್ಯಮಗಳಲ್ಲಿ ಮೂರು ಪ್ರತಿಗಳಿರಲಿ. ಒಂದು ಬೇರೆ ಊರಿನಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ನೋಡಿ, ಹಳತಾಗುವ ಮುನ್ನವೇ ಹೊಸದಕ್ಕೆ ನಕಲು ಮಾಡಿಕೊಳ್ಳಿ.