ಗೆದ್ದ ಜನರಲ್ ಕಾಣದ ದ್ವೀಪ: ಅಕ್ಸ್ಯೋನೊವ್ ಅವರ ಪರ್ಯಾಯ ಇತಿಹಾಸ

ವಾಸಿಲಿ ಅಕ್ಸ್ಯೋನೊವ್ ಅವರ ‘ಕ್ರಿಮಿಯಾ ದ್ವೀಪ’ ಕಾದಂಬರಿಯ ಕಲ್ಪನೆ ಅದರ ಶೀರ್ಷಿಕೆಯಲ್ಲಿಯೇ ಆರಂಭವಾಗುತ್ತದೆ. ವಾಸ್ತವದಲ್ಲಿ ಕ್ರಿಮಿಯಾ ದ್ವೀಪವಲ್ಲ, ಪರ್ಯಾಯದ್ವೀಪ. ಪೆರೆಕೋಪ್ ಎಂಬ ಕೆಲವೇ ಕಿಲೋಮೀಟರ್ ಅಗಲದ ಭೂಸಂಧಿ ಅದನ್ನು ಉತ್ತರದ ಬಯಲಿಗೆ ಜೋಡಿಸುತ್ತದೆ. ಅದರ ಪಕ್ಕದಲ್ಲಿ ಸಿವಾಶ್ ಎಂಬ ಆಳವಿಲ್ಲದ ಉಪ್ಪುನೀರಿನ ಹಿನ್ನೀರಿದೆ. 1920ರ ನವೆಂಬರಿನಲ್ಲಿ ಕೆಂಪು ಸೇನೆ ಇದೇ ಹಿನ್ನೀರನ್ನು ಹಾಯ್ದು, ಇದೇ ಭೂಸಂಧಿಯನ್ನು ಭೇದಿಸಿ ಒಳನುಗ್ಗಿತು. ರಷ್ಯದ ಅಂತರ್ಯುದ್ಧದ ದಕ್ಷಿಣದ ಅಧ್ಯಾಯ ಅಲ್ಲಿಗೆ ಮುಗಿಯಿತು. ಅಕ್ಸ್ಯೋನೊವ್ ಮಾಡಿದ್ದು ಇಷ್ಟೇ: ಆ ಭೂಸಂಧಿಯನ್ನು ಅಳಿಸಿ, ಅಲ್ಲಿ ಸಮುದ್ರವನ್ನು ಹರಿಸಿದರು. ಶ್ವೇತ ಸೇನೆಯ ಕೊನೆಯ ನೆಲೆ ಸೋಲದೆ ಉಳಿಯಿತು. 1970ರ ದಶಕದ ಹೊತ್ತಿಗೆ ಅದು ಗಗನಚುಂಬಿ ಕಟ್ಟಡಗಳ, ಹಲವು ಪಕ್ಷಗಳ, ಸ್ವತಂತ್ರ ಪತ್ರಿಕೆಗಳ ಶ್ರೀಮಂತ ನಾಡಾಗಿ ಬೆಳೆಯಿತು ಎಂಬುದು ಕಥೆಯ ಪೂರ್ವಪೀಠಿಕೆ.

1970ರ ದಶಕದ ಕೊನೆಯ ವರ್ಷಗಳಲ್ಲಿ ರಚಿತವಾದ ಈ ಕೃತಿ ಸೋವಿಯತ್ ಒಕ್ಕೂಟದಲ್ಲಿ ಅಚ್ಚಾಗುವ ಸಾಧ್ಯತೆ ಇರಲಿಲ್ಲ. 1980ರಲ್ಲಿ ಲೇಖಕರು ದೇಶ ಬಿಟ್ಟರು. ಮರುವರ್ಷ ಅಮೆರಿಕದ ಆರ್ಡಿಸ್ ಪ್ರಕಾಶನ ರಷ್ಯನ್ ಭಾಷೆಯಲ್ಲಿಯೇ ಕಾದಂಬರಿಯನ್ನು ಹೊರತಂದಿತು. ಮೈಕೆಲ್ ಹೆನ್ರಿ ಹೈಮ್ ಅವರ ಇಂಗ್ಲಿಷ್ ಅನುವಾದ 1983ರದು. ಅಂದಿನಿಂದ ಇಂದಿನವರೆಗೆ ಈ ಕೃತಿಯ ಮೇಲೆ ನಡೆದ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ತಿರುಗಿದೆ: ಸುಖವಾಗಿದ್ದ ದ್ವೀಪ ತಾನಾಗಿಯೇ ಸೋವಿಯತ್ ಒಕ್ಕೂಟದ ಬಾಯಿಗೆ ಏಕೆ ಬಿತ್ತು? ಆ ಪ್ರಶ್ನೆ ಮುಖ್ಯವಾದುದೇ. ಆದರೆ ಅದಕ್ಕಿಂತ ಹಿಂದಿನ ಇನ್ನೊಂದು ಪ್ರಶ್ನೆಯನ್ನು ವಿಮರ್ಶೆ ಅಷ್ಟಾಗಿ ಎತ್ತಿಲ್ಲ. ಈ ದ್ವೀಪವನ್ನು ಕಟ್ಟಿದ ಸೇನಾಳ್ವಿಕೆ ಎಲ್ಲಿ ಹೋಯಿತು?

ಪರ್ಯಾಯ ಇತಿಹಾಸ ಎಂಬ ಪ್ರಕಾರಕ್ಕೆ ಸೇನಾನಿಗಳೆಂದರೆ ಹಳೆಯ ಮೋಹ. 1931ರಲ್ಲಿ ಜೆ. ಸಿ. ಸ್ಕ್ವೈರ್ ಸಂಪಾದಿಸಿದ ಪ್ರಸಿದ್ಧ ಸಂಕಲನದಲ್ಲಿ ವಿನ್‌ಸ್ಟನ್ ಚರ್ಚಿಲ್ ಬರೆದ ಪ್ರಬಂಧ ಗೆಟಿಸ್‌ಬರ್ಗ್ ಕದನದಲ್ಲಿ ಜನರಲ್ ಲೀ ಗೆದ್ದಿದ್ದಾನೆಂಬ ನೆಲೆಯಿಂದಲೇ ಹೊರಡುತ್ತದೆ. ಒಂದು ಕದನ, ಒಬ್ಬ ನಾಯಕ, ಒಂದು ನಿರ್ಧಾರ; ಅಷ್ಟನ್ನು ಬದಲಿಸಿದರೆ ಉಳಿದದ್ದೆಲ್ಲ ತಾನಾಗಿ ಬದಲಾಗುತ್ತದೆ ಎಂಬ ನಂಬಿಕೆ ಈ ಪ್ರಕಾರದ ಬೆನ್ನೆಲುಬು. ಅಕ್ಸ್ಯೋನೊವ್ ಈ ನಂಬಿಕೆಯನ್ನು ಗೇಲಿ ಮಾಡುತ್ತಾರೆ. ಅವರ ಕಥೆಯಲ್ಲಿ ಕೆಂಪು ಸೇನೆಯನ್ನು ತಡೆಯುವವನು ರಷ್ಯನ್ ಜನರಲ್ ಅಲ್ಲ, ರಿಚರ್ಡ್ ಬೇಲಿ-ಲ್ಯಾಂಡ್ ಎಂಬ ಎಳೆಯ ಇಂಗ್ಲಿಷ್ ಲೆಫ್ಟಿನೆಂಟ್. 1920ರ ಜನವರಿಯಲ್ಲಿ ಹೆಪ್ಪುಗಟ್ಟಿದ ಚೊಂಗಾರ್ ಜಲಸಂಧಿಯ ಮೇಲೆ ನಡೆದುಬರುತ್ತಿದ್ದ ದಂಡನ್ನು ಕಂಡು, ಅವನು ಹಡಗಿನ ಫಿರಂಗಿಗಳನ್ನು ಹಾರಿಸಿ ಮಂಜುಗಡ್ಡೆಯನ್ನು ಒಡೆಯುತ್ತಾನೆ. ಇದರ ಹಿಂದೆ ಸಿದ್ಧಾಂತವಿಲ್ಲ, ರಷ್ಯದ ಮೇಲಿನ ಪ್ರೀತಿಯೂ ಇಲ್ಲ. ಒಂದು ನಾಡಿನ ಅಸ್ತಿತ್ವವೇ ಪರದೇಶದ ಹುಡುಗನೊಬ್ಬನ ಲಹರಿಯಿಂದ ಹುಟ್ಟುತ್ತದೆ.

ಇದರಲ್ಲಿ ಇತಿಹಾಸವನ್ನು ಬಲ್ಲ ಓದುಗನಿಗೆ ಮಾತ್ರ ತಟ್ಟುವ ವ್ಯಂಗ್ಯವೊಂದಿದೆ. 1920ರ ಆರಂಭದ ಚಳಿಗಾಲದಲ್ಲಿ ಕ್ರಿಮಿಯಾದ ಹೆಬ್ಬಾಗಿಲನ್ನು ನಿಜವಾಗಿ ಕಾದವನು ಜನರಲ್ ಯಾಕೊವ್ ಸ್ಲಾಷ್ಚೊವ್. ಬ್ಯಾರನ್ ಪ್ಯೋತರ್ ವ್ರಾಂಗೆಲ್ ಆಗ ರಂಗದಲ್ಲಿಯೇ ಇರಲಿಲ್ಲ. ಸರ್ವಸೇನಾನಿ ಡೆನಿಕಿನ್‌ನೊಂದಿಗೆ ಮನಸ್ತಾಪ ಕಟ್ಟಿಕೊಂಡು ಸೇನೆಯಿಂದ ಹೊರಬಿದ್ದು ಕಾನ್‌ಸ್ಟಾಂಟಿನೋಪಲ್ ಸೇರಿದ್ದ ಅವನು, ಡೆನಿಕಿನ್ ಅಧಿಕಾರ ತ್ಯಜಿಸಿದಾಗ ಬ್ರಿಟಿಷ್ ಯುದ್ಧನೌಕೆಯೊಂದರಲ್ಲಿ ಸೆವಾಸ್ತೊಪೋಲ್‌ಗೆ ಬಂದಿಳಿದ. ಏಪ್ರಿಲ್ 4ರಂದು ಅಧಿಕಾರ ವಹಿಸಿಕೊಂಡ. ಇತಿಹಾಸದಲ್ಲಿ ಬ್ರಿಟಿಷ್ ಹಡಗು ಜನರಲ್‌ನನ್ನು ತಂದಿಳಿಸಿತು. ಕಾದಂಬರಿಯಲ್ಲಿ ಬ್ರಿಟಿಷ್ ಹಡಗೇ ಜನರಲ್‌ಗಳನ್ನು ಅನಗತ್ಯಗೊಳಿಸಿತು. ವೀರಗಾಥೆಯ ಗಾಳಿ ತೆಗೆಯುವ ಈ ಜಾಣತನವನ್ನು ಮೆಚ್ಚದಿರಲು ಸಾಧ್ಯವಿಲ್ಲ.

ಮೆಚ್ಚಿದ ಮೇಲೆ ಕೇಳಬೇಕಾದ ಮಾತು ಉಳಿಯುತ್ತದೆ. ವ್ರಾಂಗೆಲ್‌ನ ಏಳು ತಿಂಗಳ ಆಳ್ವಿಕೆ ಪರ್ಯಾಯ ಇತಿಹಾಸಕಾರನಿಗೆ ದೊರೆಯಬಹುದಾದ ಅತ್ಯಂತ ಫಲವತ್ತಾದ ಸಾಮಗ್ರಿಗಳಲ್ಲಿ ಒಂದು. 1878ರಲ್ಲಿ ಬಾಲ್ಟಿಕ್ ಜರ್ಮನ್ ಮೂಲದ ಕುಲೀನ ಮನೆತನದಲ್ಲಿ ಹುಟ್ಟಿ, ಗಣಿ ಎಂಜಿನಿಯರಿಂಗ್ ಓದಿ, ಅಶ್ವದಳದ ಅಧಿಕಾರಿಯಾಗಿ ಬೆಳೆದ ಈ ವ್ಯಕ್ತಿ ಸೇನಾಧಿಪತ್ಯ, ಶಾಸನಾಧಿಕಾರ, ಆಡಳಿತ ಎಲ್ಲವನ್ನೂ ಒಂದೇ ಕೈಯಲ್ಲಿ ಹಿಡಿದ. ಅವನ ಬಿರುದಿನಲ್ಲಿಯೇ ‘ಆಳುವವ’ ಎಂಬ ಪದ ಸೇರಿತ್ತು. ಹಾಗೆಂದು ಅವನು ಕೇವಲ ದಂಡನಾಯಕನಾಗಿ ಉಳಿಯಲಿಲ್ಲ. ಸ್ತೊಲೀಪಿನ್ ಕಾಲದ ಕೃಷಿ ಸುಧಾರಣೆಗಳಲ್ಲಿ ಪಳಗಿದ ಕ್ರಿವೊಶೇಯಿನ್ ಅವನ ಸರಕಾರದ ಮುಖ್ಯಸ್ಥನಾದ. ಒಂದು ಕಾಲದ ಮಾರ್ಕ್ಸ್‌ವಾದಿ ಪ್ಯೋತರ್ ಸ್ತ್ರೂವೆ ವಿದೇಶಾಂಗವನ್ನು ನೋಡಿಕೊಂಡ. 1920ರ ಜೂನ್ ತಿಂಗಳ ಭೂಶಾಸನವು ಉಳುತ್ತಿದ್ದ ರೈತನ ಹಿಡುವಳಿಯನ್ನು ಅವನಿಗೇ ಬಿಡಲು ಒಪ್ಪಿತು. ಸರಾಸರಿ ಇಳುವರಿಯ ಐದನೆಯ ಒಂದು ಭಾಗವನ್ನು 25 ವರ್ಷಗಳ ಕಾಲ ವರ್ಷವರ್ಷವೂ ತೆತ್ತರೆ ಭೂಮಿ ಅವನ ಸ್ವಂತದ್ದು. ಎಡಪಂಥದ ಕೆಲಸವನ್ನು ಬಲಪಂಥದ ಕೈಗಳಿಂದ ಮಾಡಿಸುವ ನೀತಿ ಎಂದು ಆ ಸರಕಾರ ಹೆಸರಾದದ್ದು ಇದರಿಂದಲೇ. ಆಗಸ್ಟಿನಲ್ಲಿ ಫ್ರಾನ್ಸ್ ಮನ್ನಣೆಯನ್ನೂ ಕೊಟ್ಟಿತು.

ಇಂಥ ಸುಧಾರಣೆ ಸೋಲಿನ ಅಂಚಿನಲ್ಲಿ ನಿಂತವನ ಸುಧಾರಣೆ ಎಂಬುದನ್ನು ಮರೆಯಲಾಗದು. ಡೆನಿಕಿನ್ ಗೆಲ್ಲುತ್ತಿದ್ದಾಗ ಶ್ವೇತಪಕ್ಷ ಭೂಮಿಯ ಪ್ರಶ್ನೆಯನ್ನು ಮುಂದೂಡುತ್ತಲೇ ಬಂದಿತ್ತು; ಕೈಯಲ್ಲಿ ಕ್ರಿಮಿಯಾ ಮತ್ತು ಅದರ ಉತ್ತರದ ಒಂದಿಷ್ಟು ಬಯಲು ಮಾತ್ರ ಉಳಿದಾಗ ಉದಾರವಾಯಿತು. ಹಾಗಾದರೆ ಸಮುದ್ರವೇ ಕೋಟೆಯಾಗಿ ಕಾಯುವ ದ್ವೀಪದಲ್ಲಿ, ರೈತನ ಬೆಂಬಲ ಅನಿವಾರ್ಯವಲ್ಲದ ಸುರಕ್ಷಿತ ಸಿಂಹಾಸನದಲ್ಲಿ, ಅದೇ ಜನರಲ್ ಏನು ಮಾಡುತ್ತಿದ್ದ? ಭೂಶಾಸನ ಉಳಿಯುತ್ತಿತ್ತೆ? ಸೇನಾ ನ್ಯಾಯಾಲಯಗಳು, ಪತ್ರಿಕೆಗಳ ಮೇಲಿನ ಕತ್ತರಿ, ಗುಪ್ತಚಾರರ ಕೈವಾಡ, ಇವೆಲ್ಲ ಯಾವಾಗ, ಯಾರ ಒತ್ತಡದಿಂದ ಸಡಿಲವಾಗುತ್ತಿದ್ದವು? ಸೇನಾಳ್ವಿಕೆಯಿಂದ ಪ್ರಜಾಪ್ರಭುತ್ವಕ್ಕೆ ಯಾವ ನಾಡೂ ಬಿಟ್ಟಿಯಾಗಿ ದಾಟಿಲ್ಲ. ‘ಕ್ರಿಮಿಯಾ ದ್ವೀಪ’ದ ವರ್ತಮಾನವಾದರೋ ಅರ್ಧ ಶತಮಾನದಾಚೆಗೆ ನೆಲೆಗೊಂಡಿದೆ. ಜನರಲ್‌ನ ಕಾಲ ಅಲ್ಲಿ ಹಿನ್ನೆಲೆಯ ಮಾತಾಗಿ, ಮುದುಕರ ನೆನಪಾಗಿ ಸುಳಿಯುತ್ತದೆಯೇ ಹೊರತು ಕಥನವಾಗುವುದಿಲ್ಲ. ಸರ್ವಾಧಿಕಾರಿಯನ್ನು ವೀರನನ್ನಾಗಿಸಲು ಒಲ್ಲದ ಲೇಖಕರು ಅವನನ್ನು ವಿಚಾರಣೆಗೂ ನಿಲ್ಲಿಸಲಿಲ್ಲ.

ಈ ಕೊರತೆಯ ಆಳ ತಿಳಿಯಲು ಬುಲ್ಗಾಕೊವ್ ಅವರ ‘ಓಟ’ ನಾಟಕವನ್ನು ಪಕ್ಕದಲ್ಲಿಟ್ಟು ನೋಡಬೇಕು. 1920ರ ದಶಕದಲ್ಲಿ ಬರೆದು, ನಿಷೇಧಕ್ಕೆ ಒಳಗಾಗಿ, ಲೇಖಕರು ಗತಿಸಿದ ಎಷ್ಟೋ ವರ್ಷಗಳ ಮೇಲೆ 1957ರಲ್ಲಿ ರಂಗವೇರಿದ ನಾಟಕವದು. ಅದರ ಖ್ಲೂದೊವ್ ಪಾತ್ರಕ್ಕೆ ಮೂಲಮಾದರಿ ಸ್ಲಾಷ್ಚೊವ್. ಕ್ರಿಮಿಯಾವನ್ನು ಕಾಯಲು ರೈಲುನಿಲ್ದಾಣಗಳಲ್ಲಿ ಜನರನ್ನು ನೇಣಿಗೆ ಹಾಕಿದ ಆ ಸೇನಾನಿಯನ್ನು, ಅವನೇ ಕೊಲ್ಲಿಸಿದ ಸಾಮಾನ್ಯ ಸಿಪಾಯಿಯೊಬ್ಬನ ನೆರಳು ದೇಶಾಂತರಕ್ಕೂ ಬೆನ್ನುಹತ್ತಿ ಬರುತ್ತದೆ. ಬುಲ್ಗಾಕೊವ್ ಇತಿಹಾಸದ ಒಂದು ಎಳೆಯನ್ನೂ ಬದಲಿಸಬೇಕಾಗಲಿಲ್ಲ. ಸೋತ ಸೇನಾನಿಯ ಒಳಗೆ ಅವರು ಕಂಡದ್ದನ್ನು ಅಕ್ಸ್ಯೋನೊವ್ ಗೆದ್ದ ಸೇನಾನಿಯಲ್ಲಿ ಕಾಣಬಹುದಿತ್ತು. ದ್ವೀಪದ ವಿಶಾಲ ಹೆದ್ದಾರಿಗಳ ದೀಪದ ಕಂಬಗಳಿಗೆ ಯಾವ ನೆನಪೂ ಅಂಟಿಕೊಂಡಿಲ್ಲ.

ದ್ವೀಪದಲ್ಲಿ ಮರೆಯಾದವರು ಸೇನಾನಿಗಳಷ್ಟೇ ಅಲ್ಲ. ಕ್ರಿಮಿಯಾ ರಷ್ಯನ್ನರ ಕೈಗೆ ಬಂದದ್ದು 1783ರಲ್ಲಿ. ಅದಕ್ಕೆ ಮೊದಲು ಶತಮಾನಗಳ ಕಾಲ ತಾತಾರ್ ಖಾನರ ನಾಡು. ಇಸ್ಮಾಯಿಲ್ ಗಾಸ್ಪಿರಾಲಿ 1883ರಲ್ಲಿ ಬಖ್ಚಿಸರಾಯ್‌ನಿಂದ ಆರಂಭಿಸಿದ ‘ತೆರ್ಜುಮಾನ್’ ಪತ್ರಿಕೆ, ಸಾಮ್ರಾಜ್ಯವೊಂದರ ಅಂಚಿನ ಭಾಷೆ ತನ್ನ ಗದ್ಯವನ್ನು ತಾನೇ ಕಟ್ಟಿಕೊಂಡ ಅಪೂರ್ವ ನಿದರ್ಶನ. 1917ರ ಡಿಸೆಂಬರಿನಲ್ಲಿ ತಾತಾರರ ಕುರುಲ್ತಾಯ್ ಗಣರಾಜ್ಯವನ್ನೇ ಘೋಷಿಸಿತು. ಎರಡು ತಿಂಗಳು ತುಂಬುವುದರೊಳಗೆ ಅದರ ನಾಯಕ ನೋಮಾನ್ ಚೆಲೆಬಿಜಿಹಾನ್ ಬೊಲ್ಶೆವಿಕರ ಕೈಯಲ್ಲಿ ಹತನಾದ. ಸೋವಿಯತ್ ಆಳ್ವಿಕೆಯಲ್ಲಿ ಆ ಭಾಷೆಯ ಲಿಪಿ ಮೊದಲು ಅರಬ್ಬಿಯಿಂದ ಲ್ಯಾಟಿನ್‌ಗೆ, ಬಳಿಕ ಸಿರಿಲಿಕ್‌ಗೆ ಬದಲಾಯಿತು. ಅಜ್ಜನ ಕಾಗದವನ್ನು ಮೊಮ್ಮಗ ಓದಲಾರದ ಸ್ಥಿತಿ ಬಂತು. ಕೊನೆಗೆ 1944ರ ಮೇ 18ರಿಂದ ಕೆಲವೇ ದಿನಗಳಲ್ಲಿ 1,80,000ಕ್ಕೂ ಹೆಚ್ಚು ತಾತಾರರನ್ನು ಗೂಡ್ಸ್ ಬಂಡಿಗಳಲ್ಲಿ ತುಂಬಿ ಮಧ್ಯ ಏಷ್ಯಕ್ಕೆ ಸಾಗಿಸಲಾಯಿತು; ಊರುಗಳ ಹೆಸರುಗಳನ್ನೂ ಅಳಿಸಲಾಯಿತು. ಅಕ್ಸ್ಯೋನೊವ್ ಕಾದಂಬರಿ ಬರೆಯುತ್ತಿದ್ದ ವರ್ಷಗಳಲ್ಲಿಯೂ ಅವರು ದೇಶಭ್ರಷ್ಟರಾಗಿಯೇ ಇದ್ದರು.

ಕಾದಂಬರಿಯ ಕ್ರಿಮಿಯಾ ಸೋವಿಯತ್ ಆಳ್ವಿಕೆಗೆ ಸಿಗಲಿಲ್ಲ. ಆದ್ದರಿಂದ ಅಲ್ಲಿ ಗಡೀಪಾರೂ ನಡೆಯಲಿಲ್ಲ. ತಾತಾರರು ಅಲ್ಲಿ ಸಹಜವಾಗಿ ಓಡಾಡುತ್ತಾರೆ, ಊರುಗಳ ಹಳೆಯ ಹೆಸರುಗಳು ಉಳಿದಿವೆ. ಯೋಚಿಸಿದರೆ, ಭೂಸಂಧಿಯನ್ನು ಅಳಿಸಿದ್ದರ ಅತಿ ದೊಡ್ಡ ಫಲ ಇದು. ಜನರಲ್ ಗೆದ್ದನೆ, ಸೋತನೆ ಎಂಬುದಕ್ಕಿಂತ ಒಂದು ಇಡೀ ಜನಾಂಗ ತನ್ನ ಮನೆಯಲ್ಲಿಯೇ ಉಳಿಯಿತು ಎಂಬುದು ಎಷ್ಟೋ ಪಾಲು ದೊಡ್ಡ ‘ಹಾಗಾಗಿದ್ದರೆ’. ಲೇಖಕರು ಅದನ್ನು ಸಾಧಿಸಿಯೂ ಗಮನಿಸಿದಂತಿಲ್ಲ. ಉಳಿದುಕೊಂಡ ಜನಾಂಗ ಅವರಿಗೆ ದ್ವೀಪದ ರಂಗುಗಳಲ್ಲಿ ಒಂದು. ಸ್ತಾಲಿನ್‌ನ ಶಿಬಿರಗಳಿಗೆ ತಾಯಿತಂದೆಯರಿಬ್ಬರನ್ನೂ ಒಪ್ಪಿಸಬೇಕಾಗಿ ಬಂದ ಬಾಲ್ಯ ಅಕ್ಸ್ಯೋನೊವ್ ಅವರದು. ಶಿಬಿರಗಳ ಬಗೆಗೆ ಪ್ರಸಿದ್ಧ ಆತ್ಮಕಥನ ಬರೆದ ಯೆವ್ಗೇನಿಯಾ ಗಿನ್ಜ್‌ಬುರ್ಗ್ ಅವರ ತಾಯಿ. ಅಂಥವರ ಕಣ್ಣಿಗೂ ಇದು ಬೀಳದಿದ್ದುದು ವೈಯಕ್ತಿಕ ದೋಷ ಎನ್ನುವುದಕ್ಕಿಂತ, ಮಹಾನಗರದ ಭಾಷೆಯೊಂದರಲ್ಲಿ ಯೋಚಿಸುವ ಮನಸ್ಸಿನ ಅಭ್ಯಾಸ ಎನ್ನಬೇಕು.

ಕಾದಂಬರಿಯಲ್ಲಿ ಭಾಷೆಯ ಪ್ರಶ್ನೆಯನ್ನು ನೇರವಾಗಿ ಮುಟ್ಟುವ ಒಂದೇ ಒಂದು ಎಳೆಯೆಂದರೆ ‘ಯಾಕಿ’ ಚಳವಳಿ. ತಾವು ರಷ್ಯನ್ನರೂ ಅಲ್ಲ, ತಾತಾರರೂ ಅಲ್ಲ, ದ್ವೀಪದ ಎಲ್ಲ ರಕ್ತಗಳೂ ಬೆರೆತ ಹೊಸ ಜನ ಎನ್ನುವ ತರುಣರ ಗುಂಪು ಅದು. ತಾತಾರ್, ರಷ್ಯನ್, ಇಂಗ್ಲಿಷ್ ಮೊದಲಾದವುಗಳ ಕಲಬೆರಕೆ ಅವರ ಭಾಷೆ. ಇದನ್ನು ವಿಡಂಬನೆಯಾಗಿ ಓದುವುದು ರೂಢಿ. ವಿಡಂಬನೆ ಇರುವುದೂ ಹೌದು. ಹುಟ್ಟಿ ಇನ್ನೂ ಕಣ್ಣು ಬಿಡದ ಭಾಷೆಯಲ್ಲಿ ಘೋಷಣೆ ಕೂಗುವ ಹುಡುಗರ ಚಿತ್ರ ನಗೆ ತರಿಸುತ್ತದೆ. ಆದರೆ ದ್ವೀಪದ ನೆಲದಿಂದಲೇ ಹೊರಟ ಏಕೈಕ ರಾಜಕೀಯ ಇದು. ಮುದುಕರು ಇಂದಿಗೂ ತಮ್ಮನ್ನು ತಾತ್ಕಾಲಿಕವಾಗಿ ಬಂದಿಳಿದವರು ಎಂದೇ ಭಾವಿಸಿದ್ದಾರೆ, ಅವರ ರಷ್ಯ ಆಚೆಗಿದೆ. ‘ರಷ್ಯನ್ ಕುರಿಯರ್’ ಪತ್ರಿಕೆಯ ಸಂಪಾದಕ ಆಂದ್ರೇಯ್ ಲುಚ್ನಿಕೊವ್ ಮತ್ತು ಅವನ ಗೆಳೆಯರು ಕಟ್ಟಿದ ‘ಸಮಾನ ವಿಧಿಯ ಒಕ್ಕೂಟ’ಕ್ಕೂ ರಷ್ಯ ಆಚೆಗೇ ಇದೆ, ಅದರ ಸಂಕಟದಲ್ಲಿ ಪಾಲುಗೊಳ್ಳದ ಸುಖ ಅವರಿಗೆ ಪಾಪವಾಗಿ ಕಾಣುತ್ತದೆ. ಲುಚ್ನಿಕೊವ್‌ನ ಮಗ ಆಂತೊನ್ ಯಾಕಿಗಳ ಕಡೆಗೆ ಸರಿಯುವಲ್ಲಿ ಕೌಟುಂಬಿಕ ಕಲಹಕ್ಕಿಂತ ಹೆಚ್ಚಿನದು ಇದೆ. ತಂದೆಯ ಪೀಳಿಗೆ ದ್ವೀಪದಲ್ಲಿ ವಾಸಿಸಿತು, ದ್ವೀಪದವರಾಗಲಿಲ್ಲ.

ಕೊನೆಗೆ ದ್ವೀಪ ತಾನೇ ಸೇರ್ಪಡೆಯನ್ನು ಕೋರುತ್ತದೆ. ಉತ್ತರವಾಗಿ ಬರುವುದು ಸೋವಿಯತ್ ಸೇನೆ, ‘ವಸಂತ’ ಎಂಬ ಹೆಸರಿನ ಸೈನಿಕ ಕ್ರೀಡೋತ್ಸವದ ಸೋಗಿನಲ್ಲಿ. ಕೊಡುತ್ತೇವೆ ಎಂದವರಿಂದಲೂ ಕಿತ್ತುಕೊಂಡೇ ತೀರುವ ಪ್ರಭುತ್ವದ ಈ ಚಿತ್ರಣದಲ್ಲಿ ಕಾದಂಬರಿ ತನ್ನ ಶಿಖರವನ್ನು ಮುಟ್ಟುತ್ತದೆ. 2014ರಲ್ಲಿ ರಷ್ಯ ಕ್ರಿಮಿಯಾವನ್ನು ವಶಪಡಿಸಿಕೊಂಡು, ಆ ಘಟನೆಗೂ ವಸಂತದ ಹೆಸರೇ ಅಂಟಿಕೊಂಡಾಗ, ಅಕ್ಸ್ಯೋನೊವ್ ಭವಿಷ್ಯ ನುಡಿದಿದ್ದರು ಎಂಬ ಮಾತು ಹಬ್ಬಿತು. ಆ ಓದು ತೀರ ತೆಳುವಾದುದು. 1954ರಿಂದ ಉಕ್ರೇನಿಗೆ ಸೇರಿದ್ದ ಕ್ರಿಮಿಯಾದ ಕಥೆಯಲ್ಲಿ ಉಕ್ರೇನಿಗೆ ಪಾತ್ರವೇ ಇಲ್ಲ. 2014ರಲ್ಲಿ ಸೇರ್ಪಡೆಯನ್ನು ವಿರೋಧಿಸಿ, 2016ರಲ್ಲಿ ನಿಷೇಧಕ್ಕೊಳಗಾದ ತಾತಾರರ ಮೆಜ್ಲಿಸ್‌ನಂಥ ಸಂಸ್ಥೆ ಕಾದಂಬರಿಯ ಕಲ್ಪನೆಗೆ ಎಟುಕಿದ್ದೂ ಇಲ್ಲ.

‘ವಿಲೀನ’ ಎಂಬ ಪದ ಕಾಸರಗೋಡಿನ ಕನ್ನಡಿಗರ ಕಿವಿಯಲ್ಲಿ ಬೇರೆಯೇ ಭಾರದಿಂದ ಬೀಳುತ್ತದೆ. 1956ರ ಪುನರ್ವಿಂಗಡಣೆ, ಚಂದ್ರಗಿರಿ ನದಿಯ ಉತ್ತರದ ಪ್ರದೇಶ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ, ಕಯ್ಯಾರ ಕಿಞ್ಞಣ್ಣ ರೈ ಮೊದಲಾದವರ ಹೋರಾಟ, ಇವೆಲ್ಲ ಒಂದೇ ಗಣರಾಜ್ಯದ ಒಳಗಿನ, ಸಂವಿಧಾನದ ಹಾದಿಯ ಬೇಡಿಕೆಗಳು. ಲುಚ್ನಿಕೊವ್‌ನ ಅಪರಾಧಪ್ರಜ್ಞೆಗೂ ಅವಕ್ಕೂ ಹೋಲಿಕೆ ಸಲ್ಲದು. ಆದರೂ ಒಂದು ಕಡೆ ಎರಡೂ ಸಂಧಿಸುತ್ತವೆ. ಸಪ್ತಭಾಷೆಗಳ ನಾಡೆನಿಸಿದ ಕಾಸರಗೋಡಿನ ವಾದ ಕನ್ನಡ ಮತ್ತು ಮಲಯಾಳಗಳ ನಡುವೆ ನಡೆದಾಗ, ತುಳುವೂ ಬ್ಯಾರಿಯೂ ಕೊಂಕಣಿಯೂ ಯಾರದಾದರೂ ಪಟ್ಟಿಯ ಅಂಕಿಯಾಗಿ ಸೇರಿಕೊಂಡವು. ಸ್ವಂತ ಮಾತಾಗಿ ಅಪರೂಪಕ್ಕೆ ಕೇಳಿಸಿದವು. ಅಲ್ಪಸಂಖ್ಯಾತರೊಳಗಿನ ಅಲ್ಪಸಂಖ್ಯಾತರನ್ನು ಕಾಣಲು ಗಡಿಯ ಕನ್ನಡ ವಿದ್ವತ್ತಿಗೂ ಬಹಳ ಕಾಲ ಬೇಕಾಯಿತು. ಅಕ್ಸ್ಯೋನೊವ್ ಅವರ ಮೇಲೆ ಹೊರಿಸುವ ಆಕ್ಷೇಪದ ಒಂದು ಪಾಲು ಹೀಗೆ ಮನೆಗೂ ಬರುತ್ತದೆ.

ವ್ರಾಂಗೆಲ್ 1920ರ ನವೆಂಬರ್ ಮಧ್ಯದಲ್ಲಿ 126 ಹಡಗುಗಳಲ್ಲಿ ಸುಮಾರು 1,46,000 ಜನರನ್ನು ಕ್ರಿಮಿಯಾದಿಂದ ಪಾರುಮಾಡಿದ; ಅವನ ಶತ್ರುಗಳೂ ಒಪ್ಪುವ ಸಾಧನೆ ಅದು. ಹಿಂದೆ ಉಳಿದವರಲ್ಲಿ ಸಾವಿರಾರು ಮಂದಿ ಗುಂಡಿಗೆ ಬಲಿಯಾದರು. ಅವನು 1928ರಲ್ಲಿ ಬ್ರಸೆಲ್ಸ್‌ನಲ್ಲಿ ತೀರಿಕೊಂಡ. ಅವನು ಸೋಲದ ದ್ವೀಪದ ಕಥೆ ಅವನ ದೇಶದಲ್ಲಿ ಮೊದಲು ಅಚ್ಚಾದದ್ದು 1990ರಲ್ಲಿ, ‘ಯೂನೊಸ್ತ್’ ಮಾಸಿಕದಲ್ಲಿ. ಮಾಸ್ಕೊದ ಓದುಗರು ಆ ಸಂಚಿಕೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಹೊತ್ತಿನಲ್ಲಿಯೇ, ಉಜ್ಬೆಕಿಸ್ತಾನದಿಂದ ಮರಳಿದ ತಾತಾರ್ ಕುಟುಂಬಗಳು ಸಿಂಫೆರೊಪೋಲ್ ಸುತ್ತಲಿನ ಖಾಲಿ ಬಯಲುಗಳಲ್ಲಿ, ಪರವಾನಿಗೆ ಇಲ್ಲದೆ, ಒಂದೊಂದು ಕೋಣೆಯ ಗುಡಿಸಲುಗಳನ್ನು ಕಟ್ಟಿಕೊಳ್ಳುತ್ತಿದ್ದವು.