ಫೇಲಾದ ಪರೀಕ್ಷೆಗಳು ಎಲ್ಲಿ ಹೋದವು?

ರೆಬಾಕ್ಸಿಟೀನ್ ಅಂತ ಒಂದು ಮಾತ್ರೆ ಇದೆ, ಖಿನ್ನತೆಗೆ ಕೊಡೋದು. ಬೆನ್ ಗೋಲ್ಡೇಕರ್ ಅನ್ನೋ ಇಂಗ್ಲೆಂಡಿನ ಡಾಕ್ಟರು ಅದನ್ನು ತಮ್ಮ ರೋಗಿಗೆ ಬರೆದುಕೊಟ್ಟಿದ್ದರು. ಸುಮ್ಮನೆ ಬರೆದದ್ದಲ್ಲ. ಬೇರೆ ಔಷಧಿಗಳಿಂದ ಆ ರೋಗಿಗೆ ಗುಣ ಕಂಡಿರಲಿಲ್ಲ. ಹೊಸದನ್ನು ಕೊಡುವ ಮುಂಚೆ ಅದರ ಮೇಲೆ ನಡೆದ ಪರೀಕ್ಷೆಗಳ ವರದಿ ಓದಿ, ಸರಿಯಿದೆ ಅನ್ನಿಸಿದ ಮೇಲೇ ಕೊಟ್ಟದ್ದು. ಆಮೇಲೆ 2010ರಲ್ಲಿ ಜರ್ಮನಿಯ ಸಂಶೋಧಕರು ಈ ಮಾತ್ರೆಯ ಎಲ್ಲಾ ಪರೀಕ್ಷೆಗಳನ್ನೂ, ಅಂದರೆ ಎಲ್ಲೂ ಪ್ರಕಟವಾಗದೆ ಕಂಪನಿಯ ಕಪಾಟಿನಲ್ಲಿ ಕೂತಿದ್ದವನ್ನೂ ಸೇರಿಸಿ, ಲೆಕ್ಕ ಹಾಕಿದರು. ಪ್ಲಾಸಿಬೊ, ಅಂದರೆ ಔಷಧಿಯೇ ಇಲ್ಲದ ಹುಸಿಮಾತ್ರೆ, ಅದರ ಜೊತೆ ಹೋಲಿಸಿ ಒಟ್ಟು 7 ಪರೀಕ್ಷೆ ನಡೆದಿದ್ದವು. ಔಷಧಿ ಗೆದ್ದದ್ದು ಒಂದರಲ್ಲಿ, 254 ರೋಗಿಗಳ ಮೇಲೆ. ಪ್ರಕಟವಾಗಿದ್ದು ಅದೊಂದೇ! ಉಳಿದ 6 ಪರೀಕ್ಷೆಗಳಲ್ಲಿ ಹೆಚ್ಚೂಕಮ್ಮಿ ಹತ್ತು ಪಟ್ಟು ರೋಗಿಗಳಿದ್ದರು, ಹುಸಿಮಾತ್ರೆಗಿಂತ ಔಷಧಿ ಮೇಲೇನೂ ಅಲ್ಲ ಅಂತ ಗೊತ್ತಾಗಿತ್ತು. ಅವು ಯಾವುವೂ ಹೊರಗೆ ಬಂದಿರಲಿಲ್ಲ.

2012ರಲ್ಲಿ ಬಂದ ಗೋಲ್ಡೇಕರ್ ಅವರ 'ಬ್ಯಾಡ್ ಫಾರ್ಮಾ' ಪುಸ್ತಕ ಈ ಕಥೆಯನ್ನು ಶುರುವಿನಲ್ಲೇ ಇಡುತ್ತೆ. ಇಟ್ಟಿದ್ದು ಸರಿ. ಯಾಕಂದ್ರೆ ಔಷಧ ಪರೀಕ್ಷೆಯಲ್ಲಿ ಮೋಸ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಸುಳ್ಳು ಅಂಕಿ ಬರೆಯೋ ವಿಜ್ಞಾನಿ, ಲಂಚ ತಿನ್ನೋ ಅಧಿಕಾರಿ. ಇಲ್ಲಿ ಆ ಥರದವರು ಯಾರೂ ಬೇಕಾಗಿಲ್ಲ. ಪ್ರಕಟವಾದ ಆ ಒಂದು ಪರೀಕ್ಷೆಯ ಒಂದು ಅಂಕಿಯನ್ನೂ ತಿದ್ದದೆ, ಉಳಿದ ಆರನ್ನು ಬಚ್ಚಿಟ್ಟರೆ ಸಾಕು, ಓದಿದವನು ದಾರಿ ತಪ್ಪುತ್ತಾನೆ.

ನಮ್ಮ ಕಡೆ ಬೀಜದ ಕಂಪನಿಯವರು ಮಾಡೋದೂ ಇದೇ. ರಸ್ತೆ ಪಕ್ಕದ ಒಂದು ಮೆಕ್ಕೆಜೋಳದ ಹೊಲ ಆರಿಸಿ ಬೋರ್ಡು ನೆಡ್ತಾರೆ, ಕ್ಷೇತ್ರೋತ್ಸವ ಅಂತ ಶಾಮಿಯಾನ ಹಾಕಿ ಪಲಾವ್ ಕೊಡ್ತಾರೆ. ಬೋರ್ಡಿನಲ್ಲಿ ಸುಳ್ಳೇನೂ ಇರಲ್ಲ, ಆ ತಳಿ ಆ ಹೊಲದಲ್ಲಿ ನಿಜವಾಗಿಯೂ ಹಾಗೇ ಬಂದಿರುತ್ತೆ. ಅದೇ ಬೀಜ ಹಾಕಿ ಕಾಳು ಕಟ್ಟದ ಒಳಗಿನ ಹೊಲಗಳಿಗೆ ಮಾತ್ರ ಯಾರೂ ಬೋರ್ಡು ನೆಡಲ್ಲ. ಆದರೆ ರೈತರು ಪಲಾವ್ ತಿಂದು ಬಂದ ಮೇಲೆ ಒಳಗಿನ ಹೊಲದವನನ್ನೂ ಒಂದು ಮಾತು ಕೇಳ್ತಾರೆ. ಡಾಕ್ಟರಿಗೆ ಆ ಅನುಕೂಲ ಇಲ್ಲ. ಒಳಗಡೆ ಹೊಲ ಇದೆ ಅನ್ನೋದೇ ಅವರಿಗೆ ಗೊತ್ತಾಗಲ್ಲ.

ಇದು ಒಂದು ಮಾತ್ರೆಯ ಕಥೆ, ಅಪರೂಪಕ್ಕೆ ಆಗಿದ್ದು ಅನ್ನೋರಿಗೆ ಇನ್ನೊಂದು ಲೆಕ್ಕ ಇದೆ. ಹೊಸ ಔಷಧಿಗೆ ಅನುಮತಿ ಬೇಕಾದರೆ ಕಂಪನಿಗಳು ಅಮೆರಿಕದ ಎಫ್‌ಡಿಎಗೆ ಎಲ್ಲಾ ಪರೀಕ್ಷೆಗಳ ವಿವರ ಕೊಡಬೇಕು. ಎರಿಕ್ ಟರ್ನರ್ ಮತ್ತವರ ಸಂಗಡಿಗರು 2008ರಲ್ಲಿ ಖಿನ್ನತೆಯ 12 ಔಷಧಿಗಳ ಮೇಲೆ ನಡೆದ 74 ಪರೀಕ್ಷೆಗಳನ್ನು ಎಫ್‌ಡಿಎ ಕಡತದಿಂದ ತೆಗೆದು, ವೈದ್ಯಕೀಯ ಪತ್ರಿಕೆಗಳಲ್ಲಿ ಬಂದದ್ದರ ಜೊತೆ ಹೋಲಿಸಿದರು. ಕಡತದ ಪ್ರಕಾರ 38 ಪರೀಕ್ಷೆ ಔಷಧಿಯ ಪರ, 36 ವಿರುದ್ಧ ಇಲ್ಲಾ ಅನುಮಾನಾಸ್ಪದ. ಸುಮಾರು ಅರ್ಧಕ್ಕರ್ಧ. ಪರವಾಗಿದ್ದ 38ರಲ್ಲಿ 37 ಅಚ್ಚಾದವು. ಉಳಿದ 36ರಲ್ಲಿ 22 ಅಚ್ಚಾಗಲೇ ಇಲ್ಲ, 11 ಗೆದ್ದ ಹಾಗೆ ಕಾಣುವಂತೆ ಅಚ್ಚಾದವು, ಸೋತಿದ್ದನ್ನು ಸೋತಿದ್ದು ಅಂತಲೇ ಹೇಳಿದ್ದು ಬರೀ 3. ಅಂದರೆ ಪತ್ರಿಕೆ ಓದಿಕೊಂಡೇ ಔಷಧಿ ಬರೆಯೋ ಶ್ರದ್ಧಾವಂತ ಡಾಕ್ಟರಿಗೆ 51ರಲ್ಲಿ 48 ಪರೀಕ್ಷೆ ಪಾಸಾದ ಹಾಗೆ ಕಾಣುತ್ತೆ. ಓದದ ಡಾಕ್ಟರೇ ವಾಸಿ ಅನ್ನಬೇಕೋ ಏನೋ!

ನಮ್ಮ ಟೀವಿಗಳಲ್ಲಿ ದಿನಾ ಬರೋ 'ಅಧ್ಯಯನದಿಂದ ಸಾಬೀತು' ಅನ್ನೋ ಸುದ್ದಿ ನೋಡುವಾಗ ಇನ್ನೊಂದು ವಿಷಯ ತಲೇಲಿ ಇಟ್ಟುಕೊಳ್ಳಿ. ಮಾತ್ರೆ ಏನೂ ಕೆಲಸ ಮಾಡದಿದ್ದರೂ ಇಂಥ ಫಲಿತಾಂಶ ಬರೀ ಅದೃಷ್ಟದಿಂದ ಬರುವ ಸಾಧ್ಯತೆ 100ಕ್ಕೆ 5ಕ್ಕಿಂತ ಕಮ್ಮಿ ಇದ್ದರೆ ಪರೀಕ್ಷೆ ಗೆದ್ದಿದೆ ಅನ್ನೋದು ರೂಢಿ. ಹಾಗಾದರೆ ಏನೂ ಕೆಲಸ ಮಾಡದ ಮಾತ್ರೆಯನ್ನು 20 ಸಲ ಪರೀಕ್ಷೆ ಮಾಡಿದರೂ ಸರಾಸರಿ ಒಂದು ಸಲ ಅದು ಗೆದ್ದ ಹಾಗೆ ಕಾಣುತ್ತೆ. ಉಳಿದ 19 ಕಣ್ಣಿಗೆ ಬೀಳದಿದ್ದರೆ ಆ ಒಂದಕ್ಕೆ ಅರ್ಥವೇ ಇಲ್ಲ.

ಪುಸ್ತಕದ ದೊಡ್ಡ ಗುಣ ಅಂದ್ರೆ ಗೋಲ್ಡೇಕರ್ ಇಲ್ಲಿ ಕಳ್ಳನನ್ನು ಹುಡುಕುತ್ತಾ ಕೂರಲ್ಲ. ಕಂಪನಿ, ಪತ್ರಿಕೆಗಳ ಸಂಪಾದಕರು, ವಿಶ್ವವಿದ್ಯಾಲಯಗಳು, ಸರ್ಕಾರಿ ನಿಯಂತ್ರಕರು, ಕೊನೆಗೆ ತಮ್ಮದೇ ಡಾಕ್ಟರ ಸಮುದಾಯ, ಹೀಗೆ ಪ್ರತಿಯೊಬ್ಬರೂ ಹೇಗೆ ಸ್ವಲ್ಪ ಸ್ವಲ್ಪವೇ ಕಣ್ಣು ಮುಚ್ಚಿಕೊಂಡರು ಅಂತ ತೋರಿಸ್ತಾ ಹೋಗ್ತಾರೆ. ಏನು ಮಾಡಬಹುದು ಅಂತಲೂ ಅಲ್ಲಲ್ಲೇ ಪಟ್ಟಿ ಕೊಡ್ತಾರೆ. ಓದೋಕೆ ಸ್ವಲ್ಪ ಉದ್ದ ಆಯ್ತು, ಹೇಳಿದ್ದನ್ನೇ ಮತ್ತೆ ಹೇಳ್ತಾರೆ ಅನ್ನಿಸುತ್ತೆ, ನಿಜ. ಆದರೆ ಇದನ್ನು ಹಿಡಿದುಕೊಂಡು 'ಇಂಗ್ಲಿಷ್ ಔಷಧಿಯೇ ಮೋಸ, ಬನ್ನಿ ನಮ್ಮ ಕಷಾಯಕ್ಕೆ' ಅಂತ ವಾಟ್ಸಾಪಿನಲ್ಲಿ ತಳ್ಳೋರಿಗೆ ಒಂದು ಮಾತು. ಇದೇ ಮನುಷ್ಯ ಇದಕ್ಕೂ ಮುಂಚೆ 'ಬ್ಯಾಡ್ ಸೈನ್ಸ್' ಬರೆದು ಹೋಮಿಯೋಪತಿಯನ್ನೂ ಇದೇ ತಕ್ಕಡಿಯಲ್ಲಿ ಇಟ್ಟು ತೂಗಿದವರು. ಅವರು ಕೇಳ್ತಿರೋದು ಇನ್ನೂ ಸರಿಯಾದ ಪರೀಕ್ಷೆಯನ್ನು, ಪರೀಕ್ಷೆಯೇ ಬೇಡ ಅಂತಲ್ಲ.

ಟ್ಯಾಮಿಫ್ಲೂ ಕಥೆಯೂ ಇದರಲ್ಲಿದೆ. 2009ರ ಎಚ್1ಎನ್1 ಜ್ವರದ ಹೊತ್ತಿನಲ್ಲಿ ಈ ಹೆಸರು ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೂ ಕೇಳಿಬಂದಿತ್ತು. ಬ್ರಿಟನ್ ಇದನ್ನು ದಾಸ್ತಾನು ಮಾಡೋಕೆ 42 ಕೋಟಿ ಪೌಂಡಿಗೂ ಹೆಚ್ಚು ಸುರಿಯಿತು. ಆಸ್ಪತ್ರೆ ಸೇರುವಂಥ ತೊಂದರೆಗಳನ್ನು ಇದು ತಪ್ಪಿಸುತ್ತೆ ಅನ್ನೋ ನಂಬಿಕೆ ನಿಂತಿದ್ದುದು 10 ಪರೀಕ್ಷೆಗಳನ್ನು ಕೂಡಿಸಿ ಬರೆದ ಒಂದು ಲೇಖನದ ಮೇಲೆ. ಅದರಲ್ಲಿ 8 ಪರೀಕ್ಷೆ ಪ್ರಕಟವೇ ಆಗಿಲ್ಲವಲ್ಲ ಅಂತ ಕೇಳಿದ್ದು ಜಪಾನಿನ ಒಬ್ಬ ಮಕ್ಕಳ ಡಾಕ್ಟರು. ಎಲ್ಲಾ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ತಂಡ ಆಗ ಎಚ್ಚೆತ್ತು ರೋಷ್ ಕಂಪನಿಯ ಬೆನ್ನು ಬಿತ್ತು. ಪುಸ್ತಕ ಬರೋ ಹೊತ್ತಿಗೆ ಈ ಜಗ್ಗಾಟ ಮುಗಿದಿರಲಿಲ್ಲ. ಪೂರ್ತಿ ವರದಿಗಳು ಸಿಕ್ಕಿ, 2014ರಲ್ಲಿ ಕಾಕ್ರೇನ್ ಕೊಟ್ಟ ಲೆಕ್ಕ ಇದು: ದೊಡ್ಡವರಲ್ಲಿ 7 ದಿನ ಇರೋ ಫ್ಲೂ ಲಕ್ಷಣಗಳು 6.3 ದಿನಕ್ಕೆ ಇಳಿಯುತ್ತವೆ, ಆಸ್ಪತ್ರೆ ಸೇರುವುದು ತಪ್ಪುತ್ತೆ ಅನ್ನೋದಕ್ಕೆ ಪುರಾವೆ ಸಿಗಲಿಲ್ಲ, ವಾಕರಿಕೆ ವಾಂತಿ ಮಾತ್ರ ಹೆಚ್ಚು. ಇದನ್ನು ಒಪ್ಪದ ತಜ್ಞರೂ ಇದ್ದಾರೆ. ಇರಲಿ, ಜಗಳ ಆಡೋಕಾದರೂ ವರದಿ ಕೈಗೆ ಸಿಗಬೇಕಲ್ವಾ?

ಗೋಲ್ಡೇಕರ್ ಹೇಳೋ ಮದ್ದು ಸರಳ. ಪರೀಕ್ಷೆ ಶುರು ಮಾಡೋ ಮೊದಲೇ ನೋಂದಣಿ ಆಗಬೇಕು, ಸೋತರೂ ಗೆದ್ದರೂ ಫಲಿತಾಂಶ ಹೊರಗೆ ಬರಬೇಕು. 2013ರಲ್ಲಿ ಶುರುವಾದ 'ಆಲ್‌ಟ್ರಯಲ್ಸ್' ಚಳವಳಿಯಲ್ಲೂ ಅವರಿದ್ದಾರೆ. ನೋಂದಣಿ ಪುಸ್ತಕ ನಮ್ಮಲ್ಲೂ 2007ರಿಂದ ಇದೆ, 2009ರ ಜೂನ್‌ನಿಂದ ಕಡ್ಡಾಯ. ಆದರೆ ನನ್ನ ತಕರಾರು ಇರೋದು ಇಲ್ಲೇ. ಈ ಮದ್ದು ಕೆಲಸ ಮಾಡಬೇಕಾದರೆ ತಳದಲ್ಲಿರೋ ಅಂಕಿ ನಿಜ ಇರಬೇಕು. ಫೇಲಾದ ಟೆಸ್ಟನ್ನು ಮುಚ್ಚಿಡೋದು ಬೇರೆ, ಲಾಗ್ ಫೈಲನ್ನೇ ತಿದ್ದೋದು ಬೇರೆ. ಪ್ರೋಗ್ರಾಂ ಬರೆಯೋರಿಗೆಲ್ಲ ಈ ವ್ಯತ್ಯಾಸ ಗೊತ್ತು. ಪರೀಕ್ಷೆಗಳು ಹೊರಗುತ್ತಿಗೆಯಲ್ಲಿ ನಮ್ಮಂಥ ದೇಶಗಳಿಗೆ ಬರುವ ವಿಷಯ ಪುಸ್ತಕದಲ್ಲಿ ಬರುತ್ತೆ, ಆದರೆ ಪುಸ್ತಕದ ಜೀವ ಅಲ್ಲಿಲ್ಲ.

ಅದು ಯಾಕೆ ಮುಖ್ಯ ಅನ್ನೋಕೆ ನಮ್ಮ ಬೆಂಗಳೂರನ್ನೇ ನೋಡಿ. ನಾವು ನುಂಗುವ ಮಾತ್ರೆಗಳಲ್ಲಿ ಬಹುಪಾಲು ಜೆನೆರಿಕ್, ಅಂದರೆ ಮೂಲ ಔಷಧಿಯ ಪೇಟೆಂಟ್ ಮುಗಿದ ಮೇಲೆ ಬೇರೆಯವರು ತಯಾರಿಸಿದ್ದು. ಇದಕ್ಕೆ ಸಾವಿರಾರು ರೋಗಿಗಳ ಮೇಲೆ ಮತ್ತೆ ಪರೀಕ್ಷೆ ಮಾಡಲ್ಲ. ಕೆಲವು ಹತ್ತು ಆರೋಗ್ಯವಂತರಿಗೆ ಒಮ್ಮೆ ಮೂಲ ಮಾತ್ರೆ, ಕೆಲವು ದಿನ ಬಿಟ್ಟು ಈ ಮಾತ್ರೆ ಕೊಟ್ಟು, ಗಂಟೆಗಟ್ಟಲೆ ಕೂರಿಸಿ ಮತ್ತೆ ಮತ್ತೆ ರಕ್ತ ತೆಗೆದು, ಎರಡೂ ಸಲ ಔಷಧಿ ರಕ್ತಕ್ಕೆ ಹೆಚ್ಚೂಕಮ್ಮಿ ಒಂದೇ ಥರ ಸೇರಿತಾ ಅಂತ ಅಳೆಯುತ್ತಾರೆ. ಎಲ್ಲಾ ನಿಂತಿರೋದು ಆ ರಕ್ತದ ಟ್ಯೂಬುಗಳ ಮೇಲೆ. ಬೆಂಗಳೂರಿನ ಸೆಮ್ಲರ್ ರಿಸರ್ಚ್ ಸೆಂಟರ್‌ನಲ್ಲಿ ಈ ಮಾದರಿಗಳನ್ನೇ ಅದಲುಬದಲು ಮಾಡಲಾಗಿದೆ, ತಿರುಚಲಾಗಿದೆ ಅಂತ 2015ರಲ್ಲಿ ಬಂದ ಎಫ್‌ಡಿಎ ತಪಾಸಣೆಗಾರರು ಕಂಡುಹಿಡಿದರು. 2016ರ ಏಪ್ರಿಲ್‌ನಲ್ಲಿ, ಅಲ್ಲಿ ನಡೆದ ಅಧ್ಯಯನ ಒಪ್ಪಲ್ಲ, ಬೇರೆ ಕಡೆ ಹೊಸದಾಗಿ ಮಾಡಿಸಿ ಅಂತ ಔಷಧ ಕಂಪನಿಗಳಿಗೆ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ, ಯುರೋಪು ಕೂಡ ಕ್ರಮ ತಗೊಂಡವು. ಇಂಥ ಅಧ್ಯಯನವನ್ನು ನೋಂದಣಿ ಮಾಡಿಸಿ, ಪೂರ್ತಿ ಪ್ರಕಟಿಸಿದ್ದರೂ ಏನು ಗೊತ್ತಾಗ್ತಿತ್ತು? ಚೆಂದದ ಗ್ರಾಫು ಕಾಣ್ತಿತ್ತು, ಅಷ್ಟೇ.

ಇನ್ನು ನಮ್ಮ ಒಳಗಿನ ಮಾರುಕಟ್ಟೆ. ಔಷಧಿ ದೇಶಕ್ಕೆ ಬಂದು ನಾಲ್ಕು ವರ್ಷ ದಾಟಿದರೆ ಅದು ಹೊಸದಲ್ಲ, ಆಮೇಲೆ ತಯಾರಿಸುವವರು ಈ ರಕ್ತಪರೀಕ್ಷೆಯನ್ನೂ ಮಾಡಿಸದೆ ರಾಜ್ಯದ ಲೈಸೆನ್ಸು ಪಡೆಯಬಹುದಿತ್ತು. ಕೆಲವು ಬಗೆಯ ಔಷಧಿಗಳಿಗೆ ಅದನ್ನು ಕಡ್ಡಾಯ ಮಾಡಿದ್ದು 2017ರಲ್ಲಿ.

'ಬ್ಯಾಡ್ ಫಾರ್ಮಾ'ವನ್ನು ಯಾರಾದರೂ ಕನ್ನಡಕ್ಕೆ ತಂದರೆ ಚೆನ್ನ. ತಂದವರು ಕೊನೆಗೆ ಬೆಂಗಳೂರಿನದೇ ಒಂದು ಅಧ್ಯಾಯ ಬರೆದು ಸೇರಿಸಲಿ. ಅದರಲ್ಲಿ ನನಗೆ ಓದಬೇಕಿರೋದು ಎಫ್‌ಡಿಎ ಪತ್ರಗಳನ್ನಲ್ಲ, ಅವು ಹೇಗೂ ಸಿಗ್ತವೆ. ಇಂಥ ಕಡೆಗಳಲ್ಲಿ ಹಣಕ್ಕೋ, ಇನ್ನೊಬ್ಬರಿಗೆ ಉಪಯೋಗ ಆಗಲಿ ಅಂತಲೋ ಇಡೀ ದಿನ ಮಂಚದ ಮೇಲೆ ಕೂತು ಹತ್ತಾರು ಸಲ ಕೈ ಚಾಚಿದವರು, ತಮ್ಮ ರಕ್ತದ ಟ್ಯೂಬು ಆಮೇಲೆ ಏನಾಯ್ತು ಅನ್ನೋದು ಗೊತ್ತಾದಾಗ ಏನಂತಾರೆ ಅನ್ನೋದನ್ನ.