ವೈದ್ಯಗ್ರಂಥಗಳ ಜ್ವರನಾಮಗಳು: ಒಂದು ಅರ್ಥವಿಚಾರ

ಉಗ್ರಾದಿತ್ಯಾಚಾರ್ಯರ ‘ಕಲ್ಯಾಣಕಾರಕ’ವು 1940ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟವಾಯಿತು. ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಿಸಿದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವು 12ನೆಯ ಶತಮಾನದ್ದು. ಇಂತಹ ಕೃತಿಗಳ ಸಂಪಾದನೆಯಲ್ಲಿ ಪಾಠನಿರ್ಣಯದಷ್ಟೇ ರೋಗನಾಮಗಳ ಅರ್ಥನಿರ್ಣಯವೂ ಮುಖ್ಯ. ಜ್ವರನಾಮಗಳಲ್ಲಂತೂ ಪರಿಚಿತ ಶಬ್ದವೇ ದಾರಿ ತಪ್ಪಿಸುವ ಸಂಭವವುಂಟು.

ಚರಕಪರಂಪರೆಯಲ್ಲಿ ವಿಷಮಜ್ವರವು ಐದು ಬಗೆ: ಸಂತತ, ಸತತಕ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕ. ಎಡೆಬಿಡದೆ ಹಲವು ದಿನ ಇರುವುದು ಸಂತತ. ಅಹೋರಾತ್ರದಲ್ಲಿ ಎರಡು ಸಲ ಬರುವುದು ಸತತಕ. ಒಂದು ಸಲ ಬರುವುದು ಅನ್ಯೇದ್ಯುಷ್ಕ. ತೃತೀಯಕವನ್ನು ‘ಮೂರು ದಿನಕ್ಕೊಮ್ಮೆ ಬರುವ ಜ್ವರ’ವೆಂದರೆ ಅರ್ಥ ಕೆಡುತ್ತದೆ. ಜ್ವರ ಬಂದ ದಿನವನ್ನೂ ಎಣಿಸಿದಾಗ ಅದು ಮರಳುವುದು ಮೂರನೆಯ ದಿನ. ಅಂದರೆ ನಡುವೆ ಬಿಡುವು ಒಂದೇ ದಿನ. ಚತುರ್ಥಕದಲ್ಲಿ ಬಿಡುವು ಎರಡು ದಿನ. ಜ್ವರ ಬರುವ ದಿನವನ್ನು ಅನುಸರಿಸಿ ಚಿಕಿತ್ಸೆ ವಿಧಿಸುವಲ್ಲಿ ಈ ಒಂದು ದಿನದ ತಪ್ಪು ಅಲ್ಪವಲ್ಲ.

ಸಂಖ್ಯಾವಾಚಕದ ಈ ತೊಡಕು ಜೈನ ವಿದ್ವಾಂಸರಿಗೆ ಹೊಸದೇನಲ್ಲ. ‘ಚತುರ್ಥ’ವೆಂದರೆ ಒಂದು ದಿನದ ಉಪವಾಸ, ‘ಷಷ್ಠ’ವೆಂದರೆ ಎರಡು ದಿನದ್ದು. ಅಲ್ಲಿ ಎಣಿಕೆ ಭೋಜನವೇಳೆಗಳದು, ದಿನಗಳದಲ್ಲ. ತಪಸ್ಸಿನ ಪ್ರಕರಣದಲ್ಲಿ ಎಣಿಸುವ ವಸ್ತು ಯಾವುದೆಂದು ವಿಚಾರಿಸುವ ಪಂಡಿತರು ವೈದ್ಯಪ್ರಕರಣದಲ್ಲಿಯೂ ಅದೇ ಎಚ್ಚರವನ್ನು ಪಾಲಿಸುವುದು ಯುಕ್ತ.

ಸನ್ನಿಪಾತಜ್ವರದ ವಿಷಯವೂ ಹೀಗೆಯೇ. ಶಾಸ್ತ್ರದಲ್ಲಿ ಸನ್ನಿಪಾತವೆಂದರೆ ವಾತ, ಪಿತ್ತ, ಕಫ ಮೂರೂ ಕೂಡಿ ಕೆರಳುವುದು. ಕನ್ನಡದ ರೂಢಿಯಲ್ಲಿ ‘ಸನ್ನಿ’ ಎಂದರೆ ರೋಗಿ ಎಚ್ಚರ ತಪ್ಪಿ ಬಡಬಡಿಸುವ ಸ್ಥಿತಿ. ಒಂದು ಕಾರಣದ ಹೆಸರು, ಇನ್ನೊಂದು ಲಕ್ಷಣದ ಹೆಸರು. ಸನ್ನಿಪಾತಕ್ಕೆ ‘ಸನ್ನಿ’ ಎಂದಷ್ಟೇ ಅರ್ಥ ಬರೆದರೆ ಶಾಸ್ತ್ರಕಾರನ ನಿದಾನವೇ ಮರೆಯಾಗುತ್ತದೆ.

ವಿಷಮಜ್ವರಕ್ಕೆ ‘ಮಲೇರಿಯಾ’ ಎಂದು ಬರೆಯುವುದೂ ವಿಚಾರಾರ್ಹ. ತೃತೀಯಕ, ಚತುರ್ಥಕಗಳ ಗತಿಗೂ ಮಲೇರಿಯಾದ ಕೆಲವು ಬಗೆಗಳ ಗತಿಗೂ ಸಾಮ್ಯವಿರುವುದು ದಿಟ. ಆದರೆ ಮಲೇರಿಯಾ ಎಂಬುದು ಇಂದು ನಿರ್ದಿಷ್ಟ ಪರೋಪಜೀವಿಯಿಂದ ಬರುವ ರೋಗದ ಹೆಸರು. ಆ ಜೀವಿಯನ್ನು ಲಾವೆರಾನ್ ಕಂಡದ್ದು 1880ರಲ್ಲಿ. ವಿಷಮಜ್ವರವಾದರೋ ಜ್ವರದ ಗತಿಯನ್ನು ನೋಡಿ ಇಟ್ಟ ಹೆಸರು. ಅದರೊಳಗೆ ಬೇರೆ ಕಾರಣಗಳ ಜ್ವರಗಳೂ ಸೇರಬಹುದು. ಆದುದರಿಂದ ಮೂಲದ ಹೆಸರನ್ನು ಅನುವಾದದಲ್ಲಿ ಉಳಿಸಿ, ಅದರ ಲಕ್ಷಣವನ್ನು ತಿಳಿಗನ್ನಡದಲ್ಲಿ ವಿವರಿಸಿ, ಆಧುನಿಕ ಸಾಮ್ಯವನ್ನು ಅಡಿಟಿಪ್ಪಣಿಯಲ್ಲಿ ಊಹೆಯೆಂದೇ ಸೂಚಿಸುವುದು ಸಂಪಾದಕಧರ್ಮಕ್ಕೆ ಒಪ್ಪುವ ಕ್ರಮ.